ಹಂಪನಕಟ್ಟೆಗೆ ಕಾರು ತಂದರೆ ಶುಲ್ಕ: ನ್ಯಾಯ ಯಾವುದು, ಲಾಭ ಯಾರಿಗೆ?

ಬಲ್ಮಠ_ಬ್ಲಾಕ್

ಪೇಟೆಗೆ ಬರುವ ಕಾರಿಗೆ ದಟ್ಟಣೆ ಶುಲ್ಕ ಹಾಕುವ ಮಾತು ಎತ್ತಿದರೆ ಮಂಗಳೂರಿನಲ್ಲಿ ಎರಡೇ ಉತ್ತರ ಬರುವುದು. ಒಂದು, "ರೋಡ್ ಟ್ಯಾಕ್ಸ್ ಕಟ್ಟಿ ಆಗಿದೆ, ಇನ್ನೆಂತದ್ದು?" ಇನ್ನೊಂದು, "ಲಂಡನ್ನಿನಲ್ಲಿ ಉಂಟಲ್ಲ, ಇಲ್ಲಿ ಯಾಕೆ ಆಗುದಿಲ್ಲ?" ಎರಡರಲ್ಲೂ ಲೆಕ್ಕ ಇಲ್ಲ. ಮೊದಲು ಲೆಕ್ಕ ನೋಡುವ.

ಒಂದು ಸಿಗ್ನಲ್, ಅದರ ಒಂದು ಲೇನು ತೆಗೆದುಕೊಳ್ಳಿ. ಗಂಟೆಯಿಡೀ ಹಸಿರಿದ್ದರೆ ಸುಮಾರು 1,800 ಕಾರು ದಾಟುತ್ತವೆ. ಆ ಬದಿಗೆ ಹಸಿರು ಸಿಗುವುದು ನೂರಕ್ಕೆ 40 ಪಾಲು ಅಂತಾದರೆ ದಾಟುವುದು 720, ಅಂದರೆ ಸರಾಸರಿ 5 ಸೆಕೆಂಡಿಗೆ ಒಂದು. ಬರುವ ಕಾರು 760 ಆದರೆ ಗಂಟೆ ಕಳೆಯುವಾಗ 40 ಬಾಕಿ. ಒಂದಕ್ಕೆ 6 ಮೀಟರ್ ಹಿಡಿದರೆ 240 ಮೀಟರ್ ಸಾಲು. ಆ ಸಾಲಿನ ಬಾಲ ಹಿಂದಿನ ಜಂಕ್ಷನ್ನಿಗೆ ಮುಟ್ಟಿತೋ, ಅಲ್ಲಿ ಅಡ್ಡ ಹೋಗುವವರೂ ಸಿಕ್ಕಿಬೀಳುತ್ತಾರೆ. ಅದೇ 760ರ ಜಾಗದಲ್ಲಿ 700 ಬಂದರೆ ಸಾಲು ಬೆಳೆಯುವುದೇ ಇಲ್ಲ. ಕಡಿಮೆಯಾದದ್ದು ನೂರಕ್ಕೆ 8 ಮಾತ್ರ. ಶಾಲೆಗೆ ರಜೆ ಇದ್ದ ದಿನ ರಸ್ತೆ ಖಾಲಿ ಅನಿಸುವುದಕ್ಕೆ ಕಾರಣ ಇದೇ. ಆ ದಿನ ಊರಿನ ಅರ್ಧ ವಾಹನ ಮನೆಯಲ್ಲಿ ನಿಂತಿರುವುದಿಲ್ಲ.

ಇನ್ನು ನ್ಯಾಯದ ಪ್ರಶ್ನೆ. ಬೆಳಗ್ಗೆ 8ಕ್ಕೆ ಸಾಲು ಕಟ್ಟಲು ಶುರುವಾಗಿ 9.30ಕ್ಕೆ ಕರಗುತ್ತದೆ ಅಂತ ಇಟ್ಟುಕೊಳ್ಳಿ. 8ಕ್ಕೆ ಬಂದು ಸೇರಿದ ಒಂದು ಹೆಚ್ಚುವರಿ ಕಾರು ತನ್ನ ಹಿಂದಿನ ಎಲ್ಲರನ್ನೂ 5 ಸೆಕೆಂಡ್ ಹಿಂದಕ್ಕೆ ತಳ್ಳುತ್ತದೆ. ಒಂದೂವರೆ ಗಂಟೆಯಲ್ಲಿ ದಾಟುವ ಕಾರು 1,080. 1,080 ಗುಣಿಸು 5 ಅಂದರೆ 5,400 ಸೆಕೆಂಡ್, ಬರೋಬ್ಬರಿ ಒಂದೂವರೆ ಗಂಟೆ. ಆ ಕಾರಿನವರು ಸ್ವತಃ ಕಾದದ್ದು ಹೆಚ್ಚುಕಮ್ಮಿ ಸೊನ್ನೆ. ಹಿಂದೆ ಬಂದದ್ದರಲ್ಲಿ 40 ಜನ ಇರುವ ಬಸ್ ಇದ್ದರೆ ಆ 5 ಸೆಕೆಂಡನ್ನು ಮತ್ತೆ 40ರಿಂದ ಗುಣಿಸಬೇಕು. ಈ ಖರ್ಚು ಇಂದಿಗೂ ಯಾರೋ ಕಟ್ಟುತ್ತಾ ಇದ್ದಾರೆ, ಹಣದಲ್ಲಿ ಕಟ್ಟುವುದಿಲ್ಲ ಅಷ್ಟೆ.

ರೋಡ್ ಟ್ಯಾಕ್ಸಿನ ವಾದಕ್ಕೂ ಉತ್ತರ ಇದರಲ್ಲೇ ಉಂಟು. ನಮ್ಮಲ್ಲಿ ಕಾರಿಗೆ ಕಟ್ಟುವ ಜೀವಿತಾವಧಿ ತೆರಿಗೆ ಕಾರಿನ ಬೆಲೆಯ ಮೇಲೆ. ಆ ಕಾರು ಕಟೀಲಿನ ಅಂಗಳದಲ್ಲಿ ನಿಂತಿದ್ದರೂ, 9 ಗಂಟೆಗೆ ಜ್ಯೋತಿ ಸರ್ಕಲಿನಲ್ಲಿ ನಿಂತಿದ್ದರೂ ತೆರಿಗೆ ಒಂದೇ.

ರಥಬೀದಿ_ರಾಯರು

ಲೆಕ್ಕ ಸರಿ ಇರಬಹುದು ಮಾರಾಯ್ರೆ. ಆದರೆ ರಥಬೀದಿ, ಬಂದರು, ಸೆಂಟ್ರಲ್ ಮಾರ್ಕೆಟ್ ಕಡೆಯ ವ್ಯಾಪಾರ ಯಾವ ಗಂಟೆಗೆ ನಡೆಯುತ್ತದೆ ಅಂತ ನೋಡಿ. ಸಗಟು ಮಾಲು ಇಳಿಯುವುದು ಬೆಳಗ್ಗೆ. ಬಟ್ಟೆ, ಚಿನ್ನದ ಗಿರಾಕಿ ಬರುವುದು 10.30ರ ಮೇಲೆ, ಮತ್ತೆ ಸಂಜೆ 5ರಿಂದ 8. ಸಂಜೆಯೂ ಶುಲ್ಕ ಅಂದರೆ ಗಿರಾಕಿ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಇರುವ ಮಾಲಿಗೆ ಹೋಗುತ್ತಾನೆ. ಹೊರೆ ಬೀಳುವುದು ಹಳೆ ಪೇಟೆಯ ಸಣ್ಣ ಅಂಗಡಿಗೆ, ಅಲ್ಲಿ ಬ್ಲಾಕ್ ಆಗುವುದಕ್ಕೆ ಆ ಅಂಗಡಿಯವ ಕಾರಣ ಅಲ್ಲದಿದ್ದರೂ.

ಇನ್ನೊಂದು, ಸುರತ್ಕಲ್ ಟೋಲ್ ಗೇಟ್ ನೆನಪಿರಲಿ. ವರ್ಷಗಟ್ಟಲೆ ಹೋರಾಟ ಆಗಿ 2022ರ ಡಿಸೆಂಬರ್ 1ಕ್ಕೆ ವಸೂಲಿ ನಿಂತಿತು, ಅದನ್ನು ಹೆಜಮಾಡಿಗೆ ಸೇರಿಸಿದರು. ಈ ಜಿಲ್ಲೆಯವರಿಗೆ ರಸ್ತೆಯ ಮೇಲೆ ಇನ್ನೊಂದು ಗೇಟು ಅಂದರೆ ಮಂಡೆ ಬಿಸಿ.

ಬಲ್ಮಠ_ಬ್ಲಾಕ್

ರಾಯರೇ, ಟೋಲ್ ಮತ್ತು ಇದು ಬೇರೆ ಬೇರೆ. ಟೋಲ್ ರಸ್ತೆ ಕಟ್ಟಿದ ಹಣ ವಾಪಸು ತೆಗೆಯಲು. ವಾಹನ ಹೆಚ್ಚು ಬಂದಷ್ಟೂ ಗುತ್ತಿಗೆದಾರನಿಗೆ ಖುಷಿ. ದಟ್ಟಣೆ ಶುಲ್ಕ ಗೆದ್ದದ್ದು ಯಾವಾಗ ಅಂದರೆ ವಾಹನ ಕಡಿಮೆಯಾದಾಗ. ಸಿಂಗಾಪುರದವರು 1998ರಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ತಂದ ಮೇಲೆ ದರ ನಿಗದಿ ಮಾಡುವುದು ವೇಗ ನೋಡಿ: ಪೇಟೆಯ ಮುಖ್ಯ ರಸ್ತೆಯಲ್ಲಿ ಗಂಟೆಗೆ 20ರಿಂದ 30 ಕಿ.ಮೀ., ಎಕ್ಸ್‌ಪ್ರೆಸ್ ರಸ್ತೆಯಲ್ಲಿ 45ರಿಂದ 65. ವೇಗ ಅದಕ್ಕಿಂತ ಇಳಿದರೆ ದರ ಏರಿಕೆ, ರಸ್ತೆ ಬಿಡುವಾಗಿದ್ದರೆ ಇಳಿಕೆ. ಇಳಿಸಲು ಕಾನೂನಿನಲ್ಲಿ ಜಾಗ ಇಲ್ಲದ ಶುಲ್ಕವನ್ನು ನಾನೂ ವಿರೋಧಿಸುತ್ತೇನೆ.

ಸಂಜೆಯ ಮಾತು ನ್ಯಾಯವಾದದ್ದು. ಅದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ.

ಆರ್‌ಎಫ್‌ಐಡಿ_ಭಟ್

"ಎಲ್ಲರ ಕಾರಿಗೂ ಫಾಸ್ಟ್ಯಾಗ್ ಉಂಟಲ್ಲ, ಕಂಬಕ್ಕೆ ರೀಡರ್ ಕಟ್ಟಿದರೆ ಮುಗಿಯಿತು" ಅನ್ನುವವರಿಗೆ. ಮುಗಿಯುವುದಿಲ್ಲ.

ಫಾಸ್ಟ್ಯಾಗ್ ಅಂದರೆ ಬ್ಯಾಟರಿ ಇಲ್ಲದ ಸ್ಟಿಕ್ಕರ್. 865ರಿಂದ 867 ಮೆಗಾಹರ್ಟ್ಸ್ ಅಲೆಯಲ್ಲಿ ರೀಡರ್ ಕಳಿಸಿದ ಶಕ್ತಿಯನ್ನೇ ಹಿಡಿದು ಉತ್ತರ ಕೊಡುತ್ತದೆ. ಟೋಲಿನಲ್ಲಿ ಅದು ಓದುವುದು ಯಾಕೆಂದರೆ ಒಂದು ಲೇನು, ಒಂದು ವಾಹನ, ನಿಧಾನ ವೇಗ. ಬಂಟ್ಸ್ ಹಾಸ್ಟೆಲ್ ರಸ್ತೆಯಲ್ಲಿ ಲೇನು ಅನ್ನುವುದೇ ಇಲ್ಲ. ಬಸ್ಸಿನ ಮರೆಯಲ್ಲಿ ಕಾರು, ಕಾರಿನ ಪಕ್ಕ ಮೂರು ಸ್ಕೂಟರ್. ಲೋಹದ ಪದರ ಇರುವ ಮುಂಗಾಜಿನಲ್ಲಿ ಸಿಗ್ನಲ್ ಸಾಯುತ್ತದೆ. ಟ್ಯಾಗ್ ಅಂಟಿಸದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟವರಿಗೆ ದೇವರೇ ಗತಿ. ದ್ವಿಚಕ್ರಕ್ಕೆ ಟ್ಯಾಗೇ ಇಲ್ಲ.

ಹಾಗಾಗಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬೇಕೇ ಬೇಕು. 2019ರ ಏಪ್ರಿಲ್ ನಂತರದ ವಾಹನಕ್ಕೆ ಎಚ್‌ಎಸ್‌ಆರ್‌ಪಿ (ಒಂದೇ ಮಾದರಿಯ ಹೈ ಸೆಕ್ಯುರಿಟಿ) ಪ್ಲೇಟ್ ಬಂದೇ ಬರುತ್ತದೆ, ಅದನ್ನು ಕ್ಯಾಮೆರಾ ಚೆನ್ನಾಗಿ ಓದುತ್ತದೆ. ಹಳೆಯವಕ್ಕೆ ಗಡುವು ಮುಂದೆ ಹಾಕುತ್ತಾ ಬಂದರು, ಚಂದಕ್ಕೆ ಬರೆಸಿದ ಪ್ಲೇಟು ಇನ್ನೂ ಓಡಾಡುತ್ತಿವೆ.

ತಪ್ಪಿನ ಲೆಕ್ಕ ಹೇಳುತ್ತೇನೆ, ಸಂಖ್ಯೆ ಉದಾಹರಣೆಗೆ ಮಾತ್ರ. ದಿನಕ್ಕೆ 20,000 ಪ್ರವೇಶ, ಕ್ಯಾಮೆರಾ ನೂರಕ್ಕೆ 95 ಸರಿ ಓದುತ್ತದೆ. ದಿನಕ್ಕೆ 1,000 ತಪ್ಪು. ಮುಂದೊಂದು, ಹಿಂದೊಂದು ಕ್ಯಾಮೆರಾ ಇಟ್ಟರೆ ಎರಡೂ ತಪ್ಪುವುದು 400ಕ್ಕೆ ಒಂದು, ಅಂದರೆ 50. ಆದರೆ ಅದು ಕಾಗದದ ಮೇಲೆ. ಜುಲೈ ಮಳೆಯಲ್ಲಿ ಮುಂದಿನ ಪ್ಲೇಟಿಗೆ ಕೆಸರು ಹಾರಿದ ಹೊತ್ತಿಗೆ ಹಿಂದಿನದ್ದಕ್ಕೂ ಹಾರಿರುತ್ತದೆ, ಎರಡು ಕ್ಯಾಮೆರಾ ಒಟ್ಟಿಗೇ ಸೋಲುತ್ತವೆ. ಓದಲಾಗದ್ದು ತೊಂದರೆ ಇಲ್ಲ, ಆದಾಯ ಹೋಯಿತು ಅಷ್ಟೆ. 8ನ್ನು 3 ಅಂತ ಓದಿ ಕುಂದಾಪುರದಲ್ಲಿ ನಿಂತ ಕಾರಿಗೆ ಬಿಲ್ ಹೋದರೆ ಮಾತ್ರ ವ್ಯವಸ್ಥೆಯ ಮರ್ಯಾದೆ ಹೋಗುತ್ತದೆ. ಅನುಮಾನದ ಓದು ಎಲ್ಲವನ್ನೂ ಮನುಷ್ಯರೇ ಕಣ್ಣಲ್ಲಿ ನೋಡಬೇಕು, ಅದಕ್ಕೆ ಸಂಬಳ ಇಡಬೇಕು. ಲಂಡನ್ನಿನಲ್ಲಿ ಆರಂಭದ ವರ್ಷಗಳಲ್ಲಿ ಸಂಗ್ರಹದ ಸುಮಾರು ಅರ್ಧ ವ್ಯವಸ್ಥೆ ನಡೆಸಲಿಕ್ಕೇ ಹೋಯಿತು.

ಕಡಿಮೆ ಖರ್ಚಿನದ್ದೂ ಇದೆ. ಸಿಂಗಾಪುರ 1975ರ ಜೂನ್‌ನಲ್ಲಿ ಶುರು ಮಾಡಿದ್ದು ಕಾಗದದ ಚೀಟಿಯಲ್ಲಿ. ದಿನಕ್ಕೆ 3 ಡಾಲರ್, ಅಂಚೆ ಕಚೇರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಮಾರುತ್ತಿದ್ದರು. ಗಾಜಿಗೆ ಅಂಟಿಸಬೇಕು, ಗಡಿಯಲ್ಲಿ ಸಿಬ್ಬಂದಿ ನಿಂತು ಚೀಟಿ ಇಲ್ಲದವರ ನಂಬರ್ ಬರೆದುಕೊಳ್ಳುತ್ತಿದ್ದರು, ಗಾಡಿ ನಿಲ್ಲಿಸುತ್ತಿರಲಿಲ್ಲ. ಆ ವಲಯಕ್ಕೆ ಬರುವ ವಾಹನ ನೂರಕ್ಕೆ 44ರಷ್ಟು ಇಳಿಯಿತು. 23 ವರ್ಷ ಅದೇ ಕಾಗದ ನಡೆಯಿತು.

ಸ್ಟೇಟ್‌ಬ್ಯಾಂಕ್_ಸಿಂಗಲ್

ಕಾರು ಬಿಟ್ಟವರು ಯಾವುದಕ್ಕೆ ಹತ್ತಬೇಕು ಅಂತ ಯಾರೂ ಕೇಳಲಿಲ್ಲ. ನಾನು ಕೇಳುತ್ತೇನೆ.

ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 106ನೇ ಸಂಹಿತೆ, 1990ರದ್ದು, ನಗರದ ರಸ್ತೆಯಲ್ಲಿ ಯಾವ ವಾಹನ ಎಷ್ಟು ಕಾರಿಗೆ ಸಮ ಅಂತ ಹೇಳುತ್ತದೆ. ಕಾರು 1. ಬಸ್ 2.2, ಬಸ್ಸು ಲಾರಿಗಳ ಪಾಲು ಹೆಚ್ಚಿರುವಲ್ಲಿ 3.7. ಬಸ್ಸಿಗೆ ಕಡು ದರವನ್ನೇ ಹಿಡಿಯಿರಿ: 40 ಜನರನ್ನು 3.7ರಿಂದ ಭಾಗಿಸಿದರೆ ಒಂದು ಕಾರಿನ ಜಾಗಕ್ಕೆ ಸುಮಾರು 11 ಜನ. ಕಾರಿನಲ್ಲಿ ಒಂದೂವರೆ. ಬಸ್ಸು ಏಳು ಪಟ್ಟು ಮೇಲೆ.

ಈಗ ಬಸ್ಸಿನ ಸಮಯ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಟು ವಾಪಸು ಬರುವ ಒಂದು ಸುತ್ತಿಗೆ 90 ನಿಮಿಷ, ದಿನಕ್ಕೆ 12 ಗಂಟೆ ಓಡಾಟ ಅಂದರೆ 8 ಸುತ್ತು. ಬ್ಲಾಕ್ ಇಳಿದು ಅದೇ ಸುತ್ತು 75 ನಿಮಿಷಕ್ಕೆ ಬಂದರೆ 9 ಸುತ್ತು ಮಾಡಿ ಚಹಾಕ್ಕೂ ಪುರುಸೊತ್ತು. ಅದೇ ಬಸ್ಸು, ಅದೇ ಡ್ರೈವರ್ ಕಂಡಕ್ಟರ್. ಒಂದು ರೂಟಿನಲ್ಲಿ 8 ಬಸ್ ಇದ್ದರೆ ಹೊಸ ಬಸ್ ತರದೆ ಒಂದು ಬಸ್ಸಿನಷ್ಟು ಟ್ರಿಪ್ ಹೆಚ್ಚಿಗೆ. ಶುಲ್ಕದ ಸಾರ್ವಜನಿಕ ಲಾಭ ಅಂತ ಏನಾದರೂ ಇದ್ದರೆ ಅದು ಮೊದಲು ಕಾಣುವುದು ಇಲ್ಲಿ.

ಆದರೆ ಟ್ರಿಪ್ ಹೆಚ್ಚು ಮಾಡಬೇಕು ಅಂದರೆ ಪರ್ಮಿಟ್ಟಿನ ಟೈಮಿಂಗ್ ಬದಲಾಗಬೇಕು, ಅದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿ. ನಮ್ಮ ಸಿಟಿ ಬಸ್ ಬಹುಪಾಲು ಖಾಸಗಿ. ದಿನದ ಕಲೆಕ್ಷನ್ ಮೇಲೆ ಬದುಕು. ಹಾಗಾಗಿ ಜನ ತುಂಬುವವರೆಗೆ ಸ್ಟಾಪಿನಲ್ಲಿ ಎಳೆಯುವುದು, ಆಮೇಲೆ ಹಿಂದಿನ ಬಸ್ಸಿಗೆ ಸೈಡ್ ಕೊಡದೆ ಓಡುವುದು. ಜ್ಯೋತಿಯ ಸ್ಟಾಪಿನಲ್ಲಿ ಎರಡು ಬಸ್ ಪಕ್ಕಪಕ್ಕ ನಿಂತರೆ ಸಿಗ್ನಲಿನ ಹಸಿರು ವ್ಯರ್ಥ. ಕಾರಿಗೆ ಶುಲ್ಕ ಹಾಕಿ ಖಾಲಿ ಮಾಡಿದ ಜಾಗವನ್ನು ಬಸ್ಸೇ ತಿಂದರೆ ಎಂತ ಪ್ರಯೋಜನ?

ಇದಕ್ಕೆ ದಾರಿ ಲಂಡನ್ನಿನಲ್ಲೇ ಉಂಟು, ಅಲ್ಲಿ ಬಸ್ ಓಡಿಸುವುದೂ ಖಾಸಗಿಯವರೇ. ಟಿಕೆಟ್ ಹಣ ಸಾರಿಗೆ ಪ್ರಾಧಿಕಾರಕ್ಕೆ, ಮಾಲಕರಿಗೆ ಗುತ್ತಿಗೆಯ ಹಣ. ಜನಕ್ಕಾಗಿ ಕಾಯುವ ಅಗತ್ಯವೇ ಇಲ್ಲ. ಇಲ್ಲಿ ಕಿಲೋಮೀಟರಿಗೆ ಇಷ್ಟು ಅಂತ ಕೊಟ್ಟು, ಶುಲ್ಕದ ಹಣದಿಂದ ವ್ಯತ್ಯಾಸ ತುಂಬಬೇಕು. ರಾತ್ರಿ 8.30ರ ಮೇಲಿನ ಟ್ರಿಪ್ಪಿಗೆ ಇದು ಬಿಟ್ಟು ಬೇರೆ ದಾರಿ ಇಲ್ಲ, ಆ ಹೊತ್ತಿನ ಕಲೆಕ್ಷನ್ನಿನಲ್ಲಿ ಡೀಸೆಲೂ ಹುಟ್ಟುವುದಿಲ್ಲ.

ತೊಕ್ಕೊಟ್ಟು_ಟು_ಟೌನ್

ಸಿಂಗಲ್ ಅಣ್ಣ, ಒಂದು ಸೇರಿಸಿ. ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ಬೆಂಗಳೂರು, ಮೈಸೂರಿನ ಹೆಂಗಸರು ಸಿಟಿ ಬಸ್ಸಿನಲ್ಲಿ ಉಚಿತ ಹೋಗುತ್ತಾರೆ; ಇಲ್ಲಿ ಹೆಚ್ಚಿನ ರೂಟಿನಲ್ಲಿ ಖಾಸಗಿ ಬಸ್ಸಿಗೆ ಹಣ ಕೊಡಬೇಕು. ದಿನಾ ಹೋಗಿ ಬರುವ ಖರ್ಚು ನೋಡಿಯೇ ಸ್ಕೂಟರ್ ಸಾಲಕ್ಕೆ ಕೈ ಹಾಕುವುದು. ಅಂಥವರ ಸ್ಕೂಟರಿಗೆ ಶುಲ್ಕ ಹಾಕಿದರೆ ಅದು ಅನ್ಯಾಯ.

ಬಲ್ಮಠ_ಬ್ಲಾಕ್

ದ್ವಿಚಕ್ರವನ್ನು ಹೊರಗಿಡುವುದಕ್ಕೆ ನನ್ನ ಒಪ್ಪಿಗೆ ಉಂಟು, ಆದರೆ ಕಾರಣ ಬೇರೆ. ಅದೇ 106ರ ಸಂಹಿತೆಯಲ್ಲಿ ದ್ವಿಚಕ್ರ 0.5, ಅವುಗಳ ಪಾಲು ಹೆಚ್ಚಿರುವ ರಸ್ತೆಯಲ್ಲಿ 0.75. ಒಂದು ಸ್ಕೂಟರಿನಲ್ಲಿ ಸರಾಸರಿ 1.3 ಜನ ಅಂತ ಹಿಡಿದರೆ ಒಂದು ಕಾರಿನ ಜಾಗಕ್ಕೆ 1.7 ಜನ. ಕಾರಿಗಿಂತ ಕೂದಲೆಳೆಯಷ್ಟು ಮೇಲೆ. ಜಾಗದ ಲೆಕ್ಕದಲ್ಲಿ ಸ್ಕೂಟರ್ ಸಾಧು ಅಲ್ಲ. ಆದರೂ ಹೊರಗಿಡಬೇಕು: ಟ್ಯಾಗ್ ಇಲ್ಲ, ವಸೂಲಿ ಖರ್ಚು ಶುಲ್ಕವನ್ನೇ ನುಂಗುತ್ತದೆ, ಬಸ್ ಇನ್ನೂ ತಯಾರಿಲ್ಲ. ಸಿಂಗಾಪುರವೂ ಮೋಟಾರ್ ಸೈಕಲನ್ನು 1989ರವರೆಗೆ ಬಿಟ್ಟಿತ್ತು. ಲಂಡನ್, ಸ್ಟಾಕ್‌ಹೋಮ್‌ನಲ್ಲಿ ಈಗಲೂ ಬಿಟ್ಟಿದ್ದಾರೆ. ನ್ಯೂಯಾರ್ಕ್ 2025ರ ಜನವರಿ 5ಕ್ಕೆ ಶುರು ಮಾಡುವಾಗ ಕಾರಿಗೆ 9 ಡಾಲರ್, ಬೈಕಿಗೆ ಅರ್ಧ ಇಟ್ಟಿತು.

ಅಪಾಯ ಒಂದುಂಟು. ಕಾರಿಗೆ ಮಾತ್ರ ಶುಲ್ಕ ಅಂದರೆ ಕಾರಿನವರು ಬಸ್ಸಿಗೆ ಹೋಗದೆ ಸ್ಕೂಟರಿಗೆ ಇಳಿಯುತ್ತಾರೆ. ಒಣ ದಿನದಲ್ಲಿ ಹಾಗೇ ಆಗುವುದು. ಹಾಗಾಗಿ ಎಣಿಕೆಯಲ್ಲಿ ದ್ವಿಚಕ್ರವನ್ನು ಬೇರೆ ಕಾಲಮಿನಲ್ಲಿ ಬರೆಯಲೇಬೇಕು.

ಕಲ್ಸಂಕ

ಉಡುಪಿಯ ಕಡೆಯಿಂದ. ಕಲ್ಸಂಕದ ಬ್ಲಾಕಿಗೆ ಈ ಔಷಧ ಹಿಡಿಯುವುದಿಲ್ಲ. ಮಲ್ಪೆ-ಮಣಿಪಾಲದ 169ಎ ಹೆದ್ದಾರಿಗೆ ಮಠದ ಕಡೆಯ ರಸ್ತೆ ಬಂದು ಸೇರುವ ಜಾಗ ಅದು. ವಾರದ ದಿನ ಹೇಗೋ ನಡೆಯುತ್ತದೆ. ಶನಿವಾರ, ಭಾನುವಾರ, ರಜೆ ಸರಣಿ ಬಂದರೆ ಯಾತ್ರಿಕರ ಗಾಡಿ ತಿರುಗುವಲ್ಲೇ ಎಲ್ಲ ನಿಲ್ಲುತ್ತದೆ. ಹೊರಗಿನವರಿಗೆ ಶುಲ್ಕದ ಗೇಟು ಎಲ್ಲಿ, ಎಷ್ಟು ಅಂತ ಗೊತ್ತಿರುವುದಿಲ್ಲ. ಗೊತ್ತಿಲ್ಲದವನ ನಡೆ ದರದಿಂದ ಬದಲಾಗದು, ದಂಡ ಮಾತ್ರ ಬೀಳುತ್ತದೆ. ಇಲ್ಲಿ ಬೇಕಾದ್ದು ರಾಜಾಂಗಣದ ಪಾರ್ಕಿಂಗ್ ತುಂಬಿದೆಯೋ ಇಲ್ಲವೋ ಅಂತ ಕರಾವಳಿ ಬೈಪಾಸಿನಲ್ಲೇ ತೋರಿಸುವ ಬೋರ್ಡು, ರಜೆ ದಿನಕ್ಕೆ ಬೇರೆ ಪಾರ್ಕಿಂಗ್ ದರ, ಬೈಪಾಸಿನ ಬದಿಯಿಂದ ಸಣ್ಣ ಬಸ್. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಹೊರಗೆ ಗಾಡಿ ನಿಲ್ಲಿಸಿ ನಡೆಸುವ ಏರ್ಪಾಡು ಹೇಗೂ ಮಾಡುತ್ತಾರೆ.

ಫಲ್ಗುಣಿ_ತೀರ

ಕಾನೂನಿನ ದಾರಿ ಇಲ್ಲದೆ ದರದ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ.

ಸಂವಿಧಾನದ 265ನೇ ವಿಧಿ: ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಇಲ್ಲ. ಪಾಲಿಕೆ ನಿರ್ಣಯ ಮಾಡಿ ಮರುದಿನ ಕ್ಯಾಮೆರಾ ಕಟ್ಟಲಾಗದು. ವಾಹನ ತೆರಿಗೆ ರಾಜ್ಯ ಪಟ್ಟಿಯ 57ನೇ ನಮೂದು, ಸುಂಕದ ವಸೂಲಿ 59. ಅಂದರೆ ವಿಧಾನಸಭೆ ಕಾನೂನು ಮಾಡಬೇಕು. 243ಎಕ್ಸ್ ವಿಧಿ ಪ್ರಕಾರ ಆ ಕಾನೂನಿನಲ್ಲೇ ಪಾಲಿಕೆಗೆ ವಸೂಲಿ ಮಾಡುವ, ಇಟ್ಟುಕೊಳ್ಳುವ ಅಧಿಕಾರ ಕೊಡಬಹುದು. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಇಂಥ ಜಾಗದಲ್ಲಿ ಇಂಥ ವಾಹನ ಬೇಡ ಅನ್ನಲಿಕ್ಕೆ ಆಗುತ್ತದೆ. ಹಣ ಕೊಟ್ಟರೆ ಬರಬಹುದು ಅನ್ನಲಿಕ್ಕೆ ಅದು ಸಾಲದು.

ಹೆದ್ದಾರಿ 66 ಕೇಂದ್ರದ್ದು. ಕೊಟ್ಟಾರ ಚೌಕಿ, ಕೆಪಿಟಿ, ನಂತೂರು, ಪಂಪ್‌ವೆಲ್ ಸಾಲಿನ ಮೇಲೆ ನಗರ ಕೈ ಇಡುವ ಹಾಗಿಲ್ಲ. ಇದರಿಂದ ಒಂದು ದೊಡ್ಡ ತೊಂದರೆ ಬರುತ್ತದೆ. ಕೊಟ್ಟಾರದಿಂದ ಕಂಕನಾಡಿಗೆ ಹೋಗುವವರು ಈಗ ಲೇಡಿಹಿಲ್, ಲಾಲ್‌ಬಾಗ್, ಪಿವಿಎಸ್, ಜ್ಯೋತಿ ದಾಟಿ ಹೋಗುತ್ತಾರೆ. ಒಳಗೆ ಶುಲ್ಕ ಅಂದರೆ ಅವರೆಲ್ಲ ನಂತೂರಿಗೆ ಬರುತ್ತಾರೆ. ಮೂಡುಬಿದಿರೆ ಕಡೆಯ 169 ಬಂದು ಸೇರುವುದೂ ಅಲ್ಲೇ, ಬಂದರಿನ ಟ್ಯಾಂಕರ್, ಕಂಟೇನರ್ ಲಾರಿ ತಿರುಗುವುದೂ ಅಲ್ಲೇ. ಜ್ಯೋತಿ ಖಾಲಿಯಾಗಿ ನಂತೂರು ಕೂತರೆ ಯಾರಿಗೂ ಲಾಭ ಇಲ್ಲ. ಸ್ಟಾಕ್‌ಹೋಮ್‌ನಲ್ಲಿ ಊರ ಪಕ್ಕದ ಎಸ್ಸಿಂಗೆಲೇಡನ್ ಹೆದ್ದಾರಿಯನ್ನು 2016ರವರೆಗೆ ಶುಲ್ಕದಿಂದ ಹೊರಗೇ ಇಟ್ಟಿದ್ದರು, ಹಾದುಹೋಗುವವರಿಗೆ ಒಂದು ದಾರಿ ಬೇಕಲ್ಲ. ಅವರಿಗೆ ಅಂಥ ರಸ್ತೆ ಇತ್ತು. ನಂತೂರಿನ ಮೇಲ್ಸೇತುವೆ ಪೂರ್ತಿಯಾಗಿ ಓಡಾಟಕ್ಕೆ ಸಿಗದೆ ಹಂಪನಕಟ್ಟೆಯ ಗಡಿ ಎಳೆಯಬಾರದು ಅನ್ನುವುದು ನನ್ನ ಪಟ್ಟು.

ಇನ್ನು ಹಣ ಎಲ್ಲಿಗೆ? ರಾಜ್ಯದ ಸಂಚಿತ ನಿಧಿಗೆ ಬಿದ್ದರೆ ಅದು ಬಸ್ಸಾಗಿ ವಾಪಸು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಬ್ರಿಟನ್ನಿನ 1999ರ ಕಾಯ್ದೆಯಲ್ಲಿ ಲಂಡನ್ ಶುಲ್ಕದ ನಿವ್ವಳ ಹಣ ಸಾರಿಗೆಗೇ ಹೋಗಬೇಕು ಅಂತ ಬರೆದುಬಿಟ್ಟಿದ್ದಾರೆ. ಇಲ್ಲೂ ಬೇರೆ ಖಾತೆ, ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ, ಯಾವ ರೂಟಿಗೆ ಎಷ್ಟು ಹೋಯಿತು ಅಂತ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು. ಬಡವರ ಮೇಲೆ ಹೊರೆ ಆಗುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ದರಕ್ಕಿಂತ ಹೆಚ್ಚಾಗಿ ಈ ಖಾತೆ.

ರಥಬೀದಿ_ರಾಯರು

ಅಕ್ಕ ಹೇಳಿದ್ದು ಸರಿ. ಆದರೆ ಗಡಿಯ ಒಳಗೆ ಮನೆ ಇರುವವರ ಕತೆ? ಕುದ್ರೋಳಿ, ಬಂದರಿನಲ್ಲಿ ತಲೆಮಾರಿನಿಂದ ಇರುವವರು ಮನೆಗೆ ಹೋಗಲು ಹಣ ಕೊಡಬೇಕಾ?

ಫಲ್ಗುಣಿ_ತೀರ

ರಾಯರೇ, ಲಂಡನ್ನಿನಲ್ಲಿ ಒಳಗಿನ ನಿವಾಸಿಗಳಿಗೆ ನೂರಕ್ಕೆ 90 ರಿಯಾಯಿತಿ ಕೊಟ್ಟರು. ನ್ಯಾಯ ಅಂತ ಕಂಡರೂ ಗಡಿಯ ಒಳಗಿನ ಓಡಾಟ ಹೆಚ್ಚುಕಮ್ಮಿ ಧರ್ಮಕ್ಕೆ ಆಯಿತು. 2007ರಲ್ಲಿ ಪಶ್ಚಿಮಕ್ಕೆ ವಲಯ ಹಿಗ್ಗಿಸಿದಾಗ ಅಲ್ಲಿನ ಶ್ರೀಮಂತ ಬಡಾವಣೆಗಳವರಿಗೂ ಅದೇ ರಿಯಾಯಿತಿ. ಆ ಹಿಗ್ಗಿಸಿದ ಭಾಗವನ್ನು 2011ರ ಹೊತ್ತಿಗೆ ಕೈಬಿಟ್ಟರು. ಬಾಡಿಗೆ ಕ್ಯಾಬಿಗೂ ವಿನಾಯಿತಿ ಇತ್ತು. ಆ್ಯಪ್ ಕ್ಯಾಬುಗಳು ಬಂದ ಮೇಲೆ ಅದೇ ತೂತಾಯಿತು, 2019ರ ಏಪ್ರಿಲ್‌ನಲ್ಲಿ ಮುಚ್ಚಿದರು. ಕೊಟ್ಟ ವಿನಾಯಿತಿ ಹಿಂದೆ ತೆಗೆಯುವುದು ಬಹಳ ಕಷ್ಟ.

ಗಡಿ ದಾಟುವಾಗ ಮಾತ್ರ ಶುಲ್ಕ, ಅದೂ ಬೆಳಗ್ಗೆ ಒಳಬರುವ ಬದಿಗೆ ಮಾತ್ರ ಅಂತಾದರೆ ಒಳಗಿನವರು ಆ ಹೊತ್ತಿಗೆ ಹೊರಗೆ ಹೋಗುವವರು. ಅವರಿಗೆ ಬೀಳುವುದೇ ಇಲ್ಲ. ರಿಯಾಯಿತಿ ಬರೆಯುವ ಅಗತ್ಯವೇ ಬರುವುದಿಲ್ಲ.

ತೊಕ್ಕೊಟ್ಟು_ಟು_ಟೌನ್

ಆಸ್ಪತ್ರೆ? ವೆನ್ಲಾಕ್, ಲೇಡಿಗೋಷನ್ ಎರಡೂ ಹಂಪನಕಟ್ಟೆಯ ಸುತ್ತಲೇ. ಖಾಸಗಿ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಕೆಎಲ್ 14 ಗಾಡಿಗಳು ಸಾಲಾಗಿ ಬರುತ್ತವೆ. ಬಾಣಂತಿಯನ್ನು ಆಟೋದಲ್ಲಿ ತರುವವರಿಗೆ ಗೇಟಿನ ಶುಲ್ಕವಾ?

ಆರ್‌ಎಫ್‌ಐಡಿ_ಭಟ್

ಕ್ಯಾಮೆರಾಕ್ಕೆ ಗಾಡಿಯಲ್ಲಿ ರೋಗಿ ಇದ್ದಾರೋ ಇಲ್ಲವೋ ಗೊತ್ತಾಗದು. ಹಾಗಾಗಿ ವಿನಾಯಿತಿಯನ್ನು ಗಡಿಯಲ್ಲಿ ಇಡಬಾರದು, ಆಸ್ಪತ್ರೆಯ ಕೌಂಟರಿನಲ್ಲಿ ಇಡಬೇಕು. ಹೊರರೋಗಿ ಚೀಟಿ ಮಾಡಿಸುವಾಗ ಗಾಡಿ ನಂಬರ್ ಹೇಳಿದರೆ ಅಂದಿನ ಶುಲ್ಕ ರದ್ದು. ಒಂದು ಚೀಟಿಗೆ ಒಂದು ಗಾಡಿ, ಒಂದು ದಿನ. ಚೀಟಿ ಸಂಖ್ಯೆ ಮಾತ್ರ ಹೋಗಬೇಕು, ಕಾಯಿಲೆ ಹೋಗಬಾರದು. ಲಂಡನ್ನಿನಲ್ಲಿಯೂ ಕೆಲವು ಬಗೆಯ ರೋಗಿಗಳಿಗೆ ಆಸ್ಪತ್ರೆಯ ಮೂಲಕವೇ ಹಣ ವಾಪಸು. ಆಂಬ್ಯುಲೆನ್ಸಿಗೆ ಪೂರ್ತಿ ವಿನಾಯಿತಿ, ಅದರಲ್ಲಿ ಮಾತಿಲ್ಲ.

ಆಟೋ ದಿನಕ್ಕೆ ಹತ್ತಾರು ಸಲ ಗಡಿ ದಾಟುತ್ತದೆ. ಸಲಕ್ಕೆ ಇಷ್ಟು ಅಂದರೆ ಡ್ರೈವರ್ ಮುಳುಗುತ್ತಾನೆ, ಇಲ್ಲ ಮೀಟರಿನ ಮೇಲೆ ಕೇಳುತ್ತಾನೆ. ಮೊದಲ ಹಂತದಲ್ಲಿ ಆಟೋ ಬಿಟ್ಟುಬಿಡುವುದೇ ವಾಸಿ.

ದಾಖಲೆಯ ಮಾತೂ ಉಂಟು. ಹಾಂಗ್‌ಕಾಂಗ್ 1983ರಿಂದ 85ರವರೆಗೆ ಎಲೆಕ್ಟ್ರಾನಿಕ್ ಶುಲ್ಕದ ಪ್ರಯೋಗ ಮಾಡಿತು, ತಾಂತ್ರಿಕವಾಗಿ ಗೆದ್ದಿತು. ಆದರೆ ಯಾರು ಎಲ್ಲಿಗೆ ಹೋದರು ಅನ್ನುವುದು ಸರಕಾರದ ಕೈಗೆ ಸಿಗುತ್ತದೆ ಅಂತ ಜನ ಎದ್ದರು, ಯೋಜನೆ ಬಿದ್ದಿತು. ಹಣ ಜಮೆಯಾದ ಮೇಲೆ ನಂಬರ್ ಅಳಿಸಬೇಕು, ಎಷ್ಟು ದಿನದಲ್ಲಿ ಅಂತ ಕಾನೂನಿನಲ್ಲೇ ಬರೆಯಬೇಕು.

ಬಲ್ಮಠ_ಬ್ಲಾಕ್

ಇಷ್ಟೆಲ್ಲ ಓದಿದ ಮೇಲೆ ನಾನು ಕ್ರಮ ಹೀಗಿಡುತ್ತೇನೆ, ಯಾರಿಗೆ ಒಪ್ಪಿಗೆ ಇಲ್ಲವೋ ಹೇಳಿ.

ಮೊದಲು ಪಾರ್ಕಿಂಗ್. ಕ್ಯಾಮೆರಾ ಬೇಡ, ವಿಧಾನಸಭೆ ಬೇಡ, ನಾಳೆಯೇ ಆಗುವ ಕೆಲಸ. ರಸ್ತೆ ಬದಿಯ ನೂರು ಜಾಗದಲ್ಲಿ 85 ತುಂಬಿ 15 ಖಾಲಿ ಇರುವ ಹಾಗೆ ದರ ಇಡಬೇಕು; ಆಗ ಜಾಗ ಹುಡುಕುತ್ತಾ ಕ್ಲಾಕ್ ಟವರಿಗೆ ಸುತ್ತು ಹಾಕುವವರು ನಿಲ್ಲುತ್ತಾರೆ. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿ ನೆಲಮಾಳಿಗೆಯನ್ನು ಗೋದಾಮು, ಅಂಗಡಿ ಮಾಡಿದ ಕಟ್ಟಡಗಳನ್ನು ತೆರೆಸಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ನಾಟಿಂಗ್‌ಹ್ಯಾಮ್‌ನ ದಾರಿ. ಅಲ್ಲಿ 2012ರಿಂದ ಕಚೇರಿಯ ಆವರಣದಲ್ಲಿ ನೌಕರರಿಗೆ 11 ಅಥವಾ ಹೆಚ್ಚು ಕಾರಿನ ಜಾಗ ಇಟ್ಟುಕೊಂಡ ಸಂಸ್ಥೆ ಜಾಗಕ್ಕೆ ಇಷ್ಟು ಅಂತ ವರ್ಷಕ್ಕೆ ಕಟ್ಟಬೇಕು, ಹಣ ಟ್ರಾಮಿಗೆ. ಬೆಳಗ್ಗೆ 9ಕ್ಕೆ ಬಂದು ಸಂಜೆವರೆಗೆ ನಿಲ್ಲುವ ಕಾರನ್ನೇ ಅದು ಹಿಡಿಯುತ್ತದೆ. ರಾಯರ ಗಿರಾಕಿಯನ್ನು ಮುಟ್ಟುವುದಿಲ್ಲ.

ಅದರ ಜೊತೆಗೇ ಬಸ್. ಲಂಡನ್ 2003ರ ಫೆಬ್ರವರಿ 17ಕ್ಕೆ 5 ಪೌಂಡ್ ಶುಲ್ಕ ಶುರು ಮಾಡುವ ಮೊದಲೇ ಸುಮಾರು 300 ಬಸ್ ಸೇರಿಸಿತ್ತು. ಸ್ಟಾಕ್‌ಹೋಮ್ ಶುಲ್ಕಕ್ಕೆ ನಾಲ್ಕು ತಿಂಗಳ ಮೊದಲು, 2005ರ ಆಗಸ್ಟಿನಲ್ಲೇ, 197 ಹೊಸ ಬಸ್ಸು, 16 ಹೊಸ ರೂಟು ಇಳಿಸಿತು.

ಗೇಟು ಕೊನೆಗೆ, ಅದೂ ಪ್ರಯೋಗ ಅಂತ. ಸ್ಟಾಕ್‌ಹೋಮ್ 2006ರ ಜನವರಿ 3ರಿಂದ ಜುಲೈ 31ರವರೆಗೆ ನಡೆಸಿ ನಿಲ್ಲಿಸಿತು. ಗಡಿ ದಾಟುವ ವಾಹನ ನೂರಕ್ಕೆ ಸುಮಾರು 20 ಇಳಿದಿತ್ತು, ನಿಲ್ಲಿಸಿದ ಕೂಡಲೇ ಬ್ಲಾಕ್ ವಾಪಸು ಬಂತು. ಅದನ್ನು ಕಣ್ಣಾರೆ ಕಂಡ ಮೇಲೆ ಸೆಪ್ಟೆಂಬರಿನ ಜನಮತದಲ್ಲಿ ನಗರದವರು ಹೌದು ಅಂದರು. ಪ್ರಯೋಗ ಮಾಡದೆ ನೇರ ಮತಕ್ಕೆ ಹೋದ ಎಡಿನ್‌ಬರೋ 2005ರಲ್ಲಿ, ಮ್ಯಾಂಚೆಸ್ಟರ್ 2008ರಲ್ಲಿ ದೊಡ್ಡ ಅಂತರದಲ್ಲಿ ಸೋತವು.

ಸ್ಟೇಟ್‌ಬ್ಯಾಂಕ್_ಸಿಂಗಲ್

ಒಪ್ಪಿಗೆ. ಒಂದು ತಿದ್ದುಪಡಿ: ಪಾರ್ಕಿಂಗ್ ದರ ಏರಿಸಿ ಖಾಲಿಯಾದ ರಸ್ತೆ ಬದಿಯಲ್ಲಿ ಮೊದಲು ಬಸ್ ಬೇ, ಅಂದರೆ ಬಸ್ ಬದಿಗೆ ಸರಿದು ನಿಲ್ಲುವ ಜಾಗ, ಬರಬೇಕು. ಎರಡು ಬಸ್ ಹಿಂದೆ ಮುಂದೆ ನಿಲ್ಲಲು ಸುಮಾರು 30 ಮೀಟರ್ ಬೇಕು, ಒಳ ಹೊರ ತಿರುಗಲು ಎರಡು ತುದಿಯಲ್ಲಿ ಇಳಿಜಾರು ಗೆರೆ. ಜಂಕ್ಷನ್ ದಾಟಿದ ಮೇಲೆ ಇರಬೇಕು, ಮೊದಲು ಅಲ್ಲ. ಈಗಿನ ಸ್ಟಾಪು ಹಲವು ಕಡೆ ಸಿಗ್ನಲಿನ ಮೂಗಿನ ಕೆಳಗೆ.

ಫಲ್ಗುಣಿ_ತೀರ

ಪಾರ್ಕಿಂಗ್ ದರಕ್ಕೆ ಒಂದು ಮಿತಿ ಇದೆ ಅಂತ ಮರೆಯಬೇಡಿ. ನಿಲ್ಲದೆ ಹಾದುಹೋಗುವವರನ್ನು ಅದು ಮುಟ್ಟುವುದಿಲ್ಲ. ಅಂಥವರು ಎಷ್ಟು ಅಂತ ಎಣಿಸದೆ ಮುಂದೆ ಹೋಗಬಾರದು.

ಎಣಿಕೆ ಕಷ್ಟ ಇಲ್ಲ. ಲಾಲ್‌ಬಾಗ್, ಮಲ್ಲಿಕಟ್ಟೆ, ಕಂಕನಾಡಿ, ಮೋರ್ಗನ್ಸ್ ಗೇಟ್, ಉರ್ವ ಮಾರ್ಕೆಟ್, ಈ ಐದು ಬಾಯಿಯಲ್ಲಿ ಫೋನ್ ಸ್ಟ್ಯಾಂಡಿಗೆ ಕಟ್ಟಿ ವಿಡಿಯೊ. 15 ನಿಮಿಷಕ್ಕೊಂದು ಸಾಲು: ಕಾರು, ದ್ವಿಚಕ್ರ, ಆಟೋ, ಬಸ್, ಸರಕು. ಕಾರಿನ ನಂಬರಿನ ಕೊನೆಯ ನಾಲ್ಕು ಅಂಕಿ ಒಳಬರುವಾಗಲೂ ಹೊರಹೋಗುವಾಗಲೂ ಬರೆದು ಹೊಂದಿಸಿ. 25 ನಿಮಿಷದೊಳಗೆ ಬೇರೆ ಬಾಯಿಯಲ್ಲಿ ಹೊರಬಿದ್ದರೆ ಅದು ಹಾದುಹೋದ ಗಾಡಿ. ನಾಲ್ಕೇ ಅಂಕಿಯಾದ್ದರಿಂದ ಕೆಲವು ಸುಳ್ಳು ಜೋಡಿ ಬರುತ್ತವೆ, ಗಾಡಿಯ ಬಣ್ಣ ಬರೆದರೆ ಹೆಚ್ಚಿನವು ಹೋಗುತ್ತವೆ. ಮಂಗಳವಾರದಿಂದ ಗುರುವಾರದ ಒಳಗೆ ಮಾಡಿ. ಪರೀಕ್ಷೆ, ಬಂದ್, ಕುದ್ರೋಳಿ ದಸರಾ ಇರುವ ವಾರ ಬೇಡ. ಒಮ್ಮೆ ಫೆಬ್ರವರಿ, ಒಮ್ಮೆ ಜುಲೈ, ಮಳೆಗಾಲದಲ್ಲಿ ಸ್ಕೂಟರಿನವರು ಎಲ್ಲಿಗೆ ಹೋಗುತ್ತಾರೆ ಅಂತ ಗೊತ್ತಾಗಬೇಕಲ್ಲ.

ರಥಬೀದಿ_ರಾಯರು

ಬೆಳಗ್ಗಿನದ್ದು ಮಾತ್ರ ಎಣಿಸಿ ಕೈ ತೊಳೆಯಬೇಡಿ. ಸಿಂಗಾಪುರದವರು ಬೆಳಗ್ಗೆ ಬರುವವರಿಗೆ ಶುಲ್ಕ ಹಾಕಿದರೆ ಸಂಜೆ ತಾನಾಗಿ ಇಳಿಯುತ್ತದೆ ಅಂತ ಎಣಿಸಿದ್ದರು. ಇಳಿಯಲಿಲ್ಲ, 1989ರಲ್ಲಿ ಸಂಜೆಗೂ ಹಾಕಿದರು. ಇಲ್ಲೂ ಅದೇ ಆಗುವುದು ಅಂತ ಈಗಲೇ ಹೇಳಿಬಿಡಿ, ಮತ್ತೆ ಐದು ವರ್ಷ ಬಿಟ್ಟು ಬಂದು ಹೇಳಬೇಡಿ.

ಮತ್ತೆ ಸಿಂಗಲ್ ಅವರ ಬಸ್ ಬೇಗೆ 30 ಮೀಟರ್ ಸರಿ. ಮಾಲು ಇಳಿಸುವ ಟೆಂಪೊಗೆ 8 ಮೀಟರ್ ಎಲ್ಲಿ? ಅದನ್ನೂ ಗೆರೆ ಹಾಕಿ ಗಂಟೆ ಬರೆದು ಕೊಟ್ಟರೆ ಪಾರ್ಕಿಂಗ್ ದರಕ್ಕೆ ನಮ್ಮ ಬೀದಿಯಿಂದ ವಿರೋಧ ಬರಲಿಕ್ಕಿಲ್ಲ. ಗೇಟಿಗೆ ಬರುತ್ತದೆ.